ವರ್ಷಕ್ಕೊಮ್ಮೆ ಮನೆಮಂದಿಯ ಫೋಟೋ: ಓದುಗರ ಪ್ರಶ್ನೆಗಳಿಗೆ ಉತ್ತರ

ದೀಪಾವಳಿಯ ರಜೆಯಲ್ಲಿ ಮನೆಯವರೆಲ್ಲ ಒಂದೆಡೆ ಸೇರಿದಾಗ ತೆಗೆಸಿಕೊಳ್ಳುವ ಫೋಟೋದ ಕುರಿತು ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ಯಾಮೆರಾದ ಬಗ್ಗೆ ಕೇಳಿದಂತೆ ಕಂಡರೂ, ಓದುತ್ತ ಹೋದಂತೆ ಅವುಗಳೊಳಗಿನ ಚಿಂತೆ ಮನೆಯ ಜನರನ್ನೇ ಕುರಿತದ್ದೆಂಬುದು ತಿಳಿಯುತ್ತದೆ. ಆದ್ದರಿಂದ ಉತ್ತರಗಳಲ್ಲಿಯೂ ಈ ಎರಡನ್ನು ಬೇರೆ ಬೇರೆ ಮಾಡಿಲ್ಲ.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಮನೆ. ದೀಪಾವಳಿಗೆ ಬೆಂಗಳೂರು, ಹುಬ್ಬಳ್ಳಿ, ಪುಣೆಗಳಲ್ಲಿರುವವರೆಲ್ಲ ಬಂದರೆ 18 ಜನರಾಗುತ್ತೇವೆ. ಪ್ರತಿ ವರ್ಷ ಬಲಿಪಾಡ್ಯಮಿಯ ದಿನ ಊಟವಾದ ಮೇಲೆ ಫೋಟೋಕ್ಕೆ ನಿಲ್ಲುತ್ತೇವೆ. ಒಂದು ಗಂಟೆ ಕಳೆದರೂ ಎಲ್ಲರೂ ಸರಿಯಾಗಿ ಬಂದಿರುವ ಒಂದು ಚಿತ್ರವೂ ಸಿಗುವುದಿಲ್ಲ. ಒಬ್ಬರು ಕಣ್ಣು ಮುಚ್ಚಿರುತ್ತಾರೆ, ಮಕ್ಕಳು ಅಳುತ್ತಾರೆ, ಮಾವನವರು ಬೇಸರಪಟ್ಟು ಎದ್ದು ಹೋಗುತ್ತಾರೆ. ಮನೆಯ ಹಿರಿಯ ಸೊಸೆಯಾದ ನನಗೆ ಇದನ್ನು ಹೇಗೆ ನಡೆಸಿಕೊಡಬೇಕೆಂಬುದು ತಿಳಿಯದಾಗಿದೆ.

ಉತ್ತರ: ನಿಮ್ಮ ಪತ್ರದಲ್ಲಿರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ‘ಊಟವಾದ ಮೇಲೆ’ ಎಂಬ ಒಂದು ತೀರ್ಮಾನದಿಂದಲೇ ಹುಟ್ಟಿದವು. ಹಬ್ಬದ ಊಟದ ನಂತರ ಹಿರಿಯರಿಗೆ ಮಲಗಬೇಕೆನಿಸುತ್ತದೆ, ಮಕ್ಕಳು ನಿದ್ದೆಗೆಟ್ಟು ರಂಪ ಮಾಡುತ್ತಾರೆ, ದೂರದ ಊರಿಗೆ ಹೊರಡಬೇಕಾದವರ ಮನಸ್ಸು ಬಸ್ಸಿನ ಮೇಲಿರುತ್ತದೆ. ಸಾಲದ್ದಕ್ಕೆ ಆ ಹೊತ್ತಿನ ಬಿಸಿಲು ಮೇಲಿನಿಂದ ಬೀಳುವುದರಿಂದ ಕಣ್ಣಿನ ಗುಳಿಗಳಲ್ಲಿಯೂ ಮೂಗಿನ ಕೆಳಗೂ ಕಪ್ಪು ನೆರಳು ಕಟ್ಟಿ, ನಗುತ್ತಿರುವವರೂ ಬಳಲಿದವರಂತೆ ಕಾಣುತ್ತಾರೆ. ಇದರ ಬದಲು ನರಕ ಚತುರ್ದಶಿಯ ಬೆಳಿಗ್ಗೆ, ಎಣ್ಣೆಸ್ನಾನ ಮುಗಿದು ಹೊಸ ಬಟ್ಟೆ ತೊಟ್ಟು ತಿಂಡಿಯಾದ ಕೂಡಲೇ ಇರುವ ಅರ್ಧ ಗಂಟೆಯನ್ನು ಇದಕ್ಕಾಗಿ ಮೀಸಲಿಡಿ. ಹೊಟ್ಟೆ ತುಂಬಿರುತ್ತದೆ, ಬಟ್ಟೆ ಇನ್ನೂ ಮಡಿಕೆ ಮಾಸಿರುವುದಿಲ್ಲ, ಬಿಸಿಲು ಓರೆಯಾಗಿರುತ್ತದೆ. ಬಲಿಪಾಡ್ಯಮಿಯ ಬೆಳಿಗ್ಗೆ ಗೋಪೂಜೆಯ ಸಿದ್ಧತೆ, ಹೋಳಿಗೆಯ ಕೆಲಸ ಇವುಗಳ ನಡುವೆ ನಿಮ್ಮ ಭಾಗದ ಮನೆಗಳಲ್ಲಿ ಯಾರಿಗೂ ಬಿಡುವಿರುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎಷ್ಟೋ ಮನೆಗಳ ಹಬ್ಬದ ಫೋಟೋಗಳಲ್ಲಿ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಕೊನೆಯ ಕ್ಷಣದಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಸಾಲಿನ ತುದಿಯಲ್ಲಿ ಅರ್ಧ ಮರೆಯಾಗಿ ನಿಂತಿರುವುದನ್ನು ನಾನು ನೋಡಿದ್ದೇನೆ. ಮನೆಯನ್ನು ನಡೆಸಿದವರೇ ಮನೆಯ ಚಿತ್ರದಲ್ಲಿ ಅಂಚಿಗೆ ಸರಿಯುವುದು ನನಗೆ ತುಂಬ ನೋವಿನ ಸಂಗತಿಯಾಗಿ ಕಾಣುತ್ತದೆ. ಆದ್ದರಿಂದ ಫೋಟೋದ ಹೊತ್ತನ್ನು ಹಿಂದಿನ ದಿನ ಸಂಜೆಯೇ, ನೀರು ತುಂಬುವ ಶಾಸ್ತ್ರ ಮುಗಿದ ಮೇಲೆ, ಅಡುಗೆಯ ಹೊಣೆ ಹೊತ್ತವರನ್ನು ಕೇಳಿಯೇ ಗೊತ್ತುಮಾಡಿ. ಅವರು ಸೀರೆ ಬದಲಿಸಿ, ತಲೆ ಬಾಚಿಕೊಂಡು, ಹೂ ಮುಡಿದು ಬರುವವರೆಗೆ ಉಳಿದವರು ಕಾಯಬೇಕು. ಆ ಹೊತ್ತಿನಲ್ಲಿ ಒಲೆಯ ಮೇಲಿರುವುದನ್ನು ಗಂಡಸರಲ್ಲಿ ಒಬ್ಬರು ನೋಡಿಕೊಳ್ಳಬೇಕು.

ಇನ್ನು ಜಾಗ. ನಿಮ್ಮಂಥ ಮನೆಗಳಿಗೆ ಜಗಲಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಮಾಡಿನ ನೆರಳು ತಲೆಯ ಮೇಲಿರುತ್ತದೆ, ಎದುರಿನ ತೆರೆದ ಅಂಗಳದಿಂದ ಬರುವ ಬೆಳಕು ಎಲ್ಲರ ಮುಖದ ಮೇಲೂ ಒಂದೇ ಸಮನಾಗಿ ಹರಡುತ್ತದೆ, ಯಾರೂ ಕಣ್ಣು ಕಿರಿದು ಮಾಡಬೇಕಾಗುವುದಿಲ್ಲ. ಜಗಲಿಯ ಮೆಟ್ಟಿಲುಗಳು ಎತ್ತರದ ಸಮಸ್ಯೆಯನ್ನು ತಾವಾಗಿಯೇ ಬಗೆಹರಿಸುತ್ತವೆ: ಕೆಳಗಿನ ಮೆಟ್ಟಿಲಿನಲ್ಲಿ ಮಕ್ಕಳು, ಜಗಲಿಯಂಚಿನಲ್ಲಿ ಕುರ್ಚಿ ಹಾಕಿ ಹಿರಿಯರು, ಅವರ ಹಿಂದೆ ನಿಂತವರು. ಬೆಳಕು ಕ್ಯಾಮೆರಾದ ಬೆನ್ನಿಗಿರಬೇಕೇ ಹೊರತು ಜನರ ಬೆನ್ನಿಗಿರಬಾರದು. ಜನರನ್ನು ಅಂಗಳದಲ್ಲಿ ನಿಲ್ಲಿಸಿ ಜಗಲಿಯೊಳಗಿನಿಂದ ತೆಗೆದರೆ ಹಿನ್ನೆಲೆ ಬೆಳಗಿ ಮುಖಗಳು ಕಪ್ಪಾಗುತ್ತವೆ. ಯಾರು ಎಲ್ಲಿ ಎಂಬುದನ್ನು ಹಿಂದಿನ ರಾತ್ರಿಯೇ ಒಂದು ಕಾಗದದ ಮೇಲೆ ಬರೆದುಕೊಂಡರೆ, ಬೆಳಿಗ್ಗೆ ‘ನೀನು ಇಲ್ಲಿ ಬಾ, ನೀವು ಅಲ್ಲಿ ಹೋಗಿ’ ಎಂಬ ಗೊಂದಲವೂ, ಅದರಿಂದ ಹುಟ್ಟುವ ಸಣ್ಣಪುಟ್ಟ ಮುನಿಸುಗಳೂ ಇರುವುದಿಲ್ಲ.

ಫೋನಿನಲ್ಲಿ ತೆಗೆಯುವುದಾದರೆ ಒಂದು ಎಚ್ಚರಿಕೆ ಬೇಕು. ಫೋನಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ ಅಗಲವಾದ ನೋಟದ್ದಾಗಿರುತ್ತದೆ. ಹತ್ತಿರದಲ್ಲಿ ನಿಂತು ಎಲ್ಲರನ್ನೂ ಅದರೊಳಗೆ ತುಂಬಿಸಲು ಹೋದರೆ ತುದಿಯಲ್ಲಿರುವವರ ಮುಖ, ತೋಳುಗಳು ಅಡ್ಡಲಾಗಿ ಎಳೆದಂತಾಗುತ್ತವೆ, ಮುಂದಿನವರು ದೊಡ್ಡದಾಗಿ ಹಿಂದಿನವರು ಚಿಕ್ಕದಾಗಿ ಕಾಣುತ್ತಾರೆ. 0.5 ಎಂದು ತೋರಿಸುವ ಇನ್ನೂ ಅಗಲವಾದ ಲೆನ್ಸನ್ನಂತೂ ಮನೆಮಂದಿಯ ಚಿತ್ರಕ್ಕೆ ಬಳಸಲೇಬೇಡಿ. ಅಂಗಳದಲ್ಲಿ ಸಾಧ್ಯವಿದ್ದಷ್ಟು ಹಿಂದಕ್ಕೆ ಹೋಗಿ, ನಿಮ್ಮ ಫೋನಿನಲ್ಲಿ 2 ಎಂಬ ಆಯ್ಕೆ ಇದ್ದರೆ ಅದನ್ನು ಬಳಸಿ, ಕ್ಯಾಮೆರಾವನ್ನು ಕುಳಿತವರ ತಲೆಯ ಮಟ್ಟದಲ್ಲಿ ಹಿಡಿಯಿರಿ. ಬೇರೆ ಕ್ಯಾಮೆರಾ ಇದ್ದರೆ ಎಫ್ 5.6 ಅಥವಾ 8ರ ಸುಮಾರಿನ ದ್ವಾರವನ್ನೂ (ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿಯ ಅಳತೆ), ಸೆಕೆಂಡಿನ 1/125 ಭಾಗಕ್ಕಿಂತ ನಿಧಾನವಲ್ಲದ ಶಟರ್ ವೇಗವನ್ನೂ (ಆ ಕಿಂಡಿಯಿಂದ ಬೆಳಕು ಒಳಬರುವ ಅವಧಿ) ಇಟ್ಟುಕೊಳ್ಳಿ. ಮೂರು ಸಾಲುಗಳೂ ಸ್ಪಷ್ಟವಾಗಿ ಮೂಡಲು ಮೊದಲನೆಯದು ಬೇಕು, ಮಕ್ಕಳ ಅಲುಗಾಟಕ್ಕೆ ಎರಡನೆಯದು ಬೇಕು.

ಕಣ್ಣು ಮುಚ್ಚುವವರ ವಿಷಯಕ್ಕೆ ಒಂದು ಲೆಕ್ಕವೇ ಇದೆ. ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಸ್‌ಐಆರ್‌ಒದ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಅವರು, ಗುಂಪಿನಲ್ಲಿ ಯಾರೊಬ್ಬರೂ ಕಣ್ಣು ಮುಚ್ಚಿರದ ಒಂದು ಚಿತ್ರ ಸಿಗಬೇಕಾದರೆ ಎಷ್ಟು ಬಾರಿ ಕ್ಲಿಕ್ಕಿಸಬೇಕೆಂಬುದನ್ನು ರೆಪ್ಪೆ ಬಡಿತದ ಲೆಕ್ಕದಿಂದ ಕಂಡುಹಿಡಿದು, ಅದಕ್ಕಾಗಿ 2006ರಲ್ಲಿ ಗಣಿತದ ಇಗ್ ನೊಬೆಲ್ ಬಹುಮಾನವನ್ನು (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ವಿನೋದದ ಬಹುಮಾನ) ಪಡೆದರು. 20ಕ್ಕಿಂತ ಕಡಿಮೆ ಜನರ ಗುಂಪಿಗೆ ಅವರ ಸೂತ್ರ ಸರಳವಾಗಿದೆ: ಬೆಳಕು ಚೆನ್ನಾಗಿದ್ದರೆ ಜನರ ಸಂಖ್ಯೆಯನ್ನು 3ರಿಂದ, ಬೆಳಕು ಕಡಿಮೆಯಿದ್ದರೆ 2ರಿಂದ ಭಾಗಿಸಬೇಕು. ನಿಮ್ಮ 18 ಜನರಿಗೆ ಜಗಲಿಯ ಬೆಳಕಿನಲ್ಲಿ 6, ಮಬ್ಬಿನಲ್ಲಿ 9 ಚಿತ್ರಗಳು ಸಾಕಾಗುತ್ತವೆ. ಇದು ರೆಪ್ಪೆಯ ಲೆಕ್ಕ ಮಾತ್ರ. ಮಗು ತಿರುಗಿ ನೋಡುವುದು, ಅಜ್ಜ ಕೆಮ್ಮುವುದು ಇದರೊಳಗೆ ಬರುವುದಿಲ್ಲವಾದ್ದರಿಂದ ಅದರ ಎರಡರಷ್ಟು ತೆಗೆಯಿರಿ. ಒಂದರ ಹಿಂದೊಂದು ಅಷ್ಟನ್ನು ತೆಗೆಯಲು ಎರಡು ನಿಮಿಷ ಸಾಕು. ಒಂದೊಂದು ಚಿತ್ರವಾದಾಗಲೂ ಎಲ್ಲರೂ ಓಡಿಬಂದು ಪರದೆಯಲ್ಲಿ ತಮ್ಮ ತಮ್ಮ ಮುಖ ನೋಡಿಕೊಳ್ಳಲು ಬಿಡದಿರುವುದು ಮುಖ್ಯ. ನಿಮ್ಮ ಒಂದು ಗಂಟೆ ಹೋಗುತ್ತಿರುವುದು ಬಹುಶಃ ಅಲ್ಲಿಯೇ.

ಮಾವನವರನ್ನೂ ಮಕ್ಕಳನ್ನೂ ಎಲ್ಲರಿಗಿಂತ ಕೊನೆಗೆ ಕರೆಯಿರಿ. ಉಳಿದವರೆಲ್ಲ ತಮ್ಮ ಜಾಗದಲ್ಲಿ ನಿಂತು, ಒಂದೆರಡು ಚಿತ್ರ ತೆಗೆದು ಬೆಳಕನ್ನು ನೋಡಿಕೊಂಡ ಮೇಲೆ ಅವರು ಬಂದು ಕುಳಿತರೆ ಸಾಕು. ಸೂಚನೆ ಕೊಡುವವರು ಒಬ್ಬರೇ ಆಗಿರಲಿ. ನಾಲ್ಕು ಜನ ನಾಲ್ಕು ಕಡೆಯಿಂದ ಮಗುವಿನ ಹೆಸರು ಹಿಡಿದು ಕೂಗಿದರೆ ಆ ಮಗು ನಾಲ್ಕು ಕಡೆ ನೋಡುತ್ತದೆ. ಅಳುವ ಮಗುವನ್ನು ಗದರಿಸಿ ನಗಿಸಲು ಹೋಗಬೇಡಿ. ಅಳುತ್ತಿರುವ ಮಗು ಇರುವ ಚಿತ್ರವೂ ಆ ವರ್ಷದ ನಿಜವಾದ ಚಿತ್ರವೇ, ಮತ್ತು ದೊಡ್ಡವನಾದ ಮೇಲೆ ಅವನು ಎಲ್ಲಕ್ಕಿಂತ ಹೆಚ್ಚು ಪ್ರೀತಿಯಿಂದ ನೋಡುವುದೂ ಅದನ್ನೇ ಆಗಿರಬಹುದು.

ಪ್ರಶ್ನೆ: ಮನೆಯಲ್ಲಿ ಫೋಟೋ ತೆಗೆಯುವವನು ನಾನೊಬ್ಬನೇ ಆದ್ದರಿಂದ ಯಾವ ವರ್ಷದ ಚಿತ್ರದಲ್ಲಿಯೂ ನಾನಿಲ್ಲ. ಸೆಲ್ಫಿ ತೆಗೆದರೆ ಚೆನ್ನಾಗಿ ಬರುವುದಿಲ್ಲ. ಏನು ಮಾಡಲಿ? (ಬೆಂಗಳೂರಿನ ಓದುಗರು)

ಉತ್ತರ: ಒಂದು ಟ್ರೈಪಾಡ್ ಕೊಳ್ಳಿ, ಅಥವಾ ಗಟ್ಟಿಯಾದ ಸ್ಟೂಲಿನ ಮೇಲೆ ಫೋನನ್ನು ನಿಲ್ಲಿಸುವ ಹಿಡಿಕೆಯೊಂದನ್ನು ತನ್ನಿ. ಫೋನಿನ ಟೈಮರಿನಲ್ಲಿ ಸಾಮಾನ್ಯವಾಗಿ 3 ಮತ್ತು 10 ಸೆಕೆಂಡುಗಳ ಆಯ್ಕೆಗಳಿರುತ್ತವೆ, 10ನ್ನು ಆರಿಸಿ. ಪ್ರತಿ ಬಾರಿ ಓಡಿ ಬಂದು ಏದುಸಿರು ಬಿಡುತ್ತ ನಿಲ್ಲುವುದು ಬೇಡವೆಂದರೆ ಬ್ಲೂಟೂತಿನಿಂದ ನಡೆಯುವ ಚಿಕ್ಕ ರಿಮೋಟ್ ಕಡಿಮೆ ಬೆಲೆಗೆ ಸಿಗುತ್ತದೆ, ಅದನ್ನು ಅಂಗೈಯಲ್ಲಿ ಮರೆಮಾಡಿಕೊಂಡು ಒತ್ತಬಹುದು. ನೀವು ನಿಲ್ಲುವ ಜಾಗವನ್ನು ಮೊದಲೇ ಖಾಲಿ ಬಿಟ್ಟು, ಪಕ್ಕದವರ ಮುಖದ ಮೇಲೆ ಫೋಕಸ್ ಇರಿಸಿ. ಸೆಲ್ಫಿ ಚೆನ್ನಾಗಿ ಬಾರದಿರುವುದಕ್ಕೆ ಕಾರಣ ದೂರ. ತೋಳಿನಳತೆಯಲ್ಲಿ ಫೋನ್ ಹಿಡಿದವರ ಮುಖ ಉಬ್ಬಿ, ಹಿಂದೆ ಕುಳಿತ ಅಜ್ಜಿ ಯಾರದೋ ಭುಜದ ಹಿಂದೆ ಮರೆಯಾಗುತ್ತಾರೆ.

ಆದರೆ ನನ್ನ ಮನಸ್ಸಿಗೆ ಇದಕ್ಕಿಂತ ಒಪ್ಪುವ ದಾರಿಯೆಂದರೆ ಪಕ್ಕದ ಮನೆಯವರನ್ನು ಕರೆಯುವುದು. ಎದುರಿಗೆ ಪರಿಚಯದ ಒಬ್ಬ ಮನುಷ್ಯನಿದ್ದಾಗ ಜನರ ಮುಖದಲ್ಲಿ ಬರುವ ಕಳೆ, ಸ್ಟೂಲಿನ ಮೇಲಿನ ಫೋನನ್ನು ನೋಡುವಾಗ ಬರುವುದಿಲ್ಲ.

ಪ್ರಶ್ನೆ: ಧಾರವಾಡದ ನಮ್ಮ ಹಳೆಯ ಮನೆಯ ಕಟ್ಟೆಯ ಮೇಲೆಯೇ ಪ್ರತಿ ವರ್ಷ ಫೋಟೋ ತೆಗೆಸುತ್ತ ಬಂದಿದ್ದೇವೆ. ಈಗ ಮೊಮ್ಮಕ್ಕಳು ‘ಅಜ್ಜ, ಪ್ರತಿ ವರ್ಷ ಅದೇ ಕಟ್ಟೆ ಯಾಕೆ? ಈ ಸಲ ಜೋಗಕ್ಕೆ ಹೋಗೋಣ, ಅಲ್ಲಿಯೇ ತೆಗೆಸೋಣ’ ಎನ್ನುತ್ತಿದ್ದಾರೆ. ನಾನು ಹಟ ಮಾಡುವುದು ಸರಿಯೇ? (ನಿವೃತ್ತ ಶಿಕ್ಷಕರು)

ಉತ್ತರ: ದಯವಿಟ್ಟು ಹಟ ಮಾಡಿ. ವರ್ಷಕ್ಕೊಂದು ಎಂದು ತೆಗೆಯುವ ಚಿತ್ರದ ಬೆಲೆ ಅದು ಬದಲಾಗದೆ ಉಳಿಸಿಕೊಳ್ಳುವ ಸಂಗತಿಗಳಲ್ಲಿದೆ. ಅಮೆರಿಕದ ಛಾಯಾಗ್ರಾಹಕ ನಿಕೊಲಸ್ ನಿಕ್ಸನ್ ಅವರು ತಮ್ಮ ಪತ್ನಿಯನ್ನೂ ಅವರ ಮೂವರು ಸಹೋದರಿಯರನ್ನೂ 1975ರಿಂದ ವರ್ಷಕ್ಕೊಮ್ಮೆ ಚಿತ್ರಿಸುತ್ತ ಬಂದರು. ನಾಲ್ವರೂ ಪ್ರತಿ ಬಾರಿ ಎಡದಿಂದ ಬಲಕ್ಕೆ ಅದೇ ಅನುಕ್ರಮದಲ್ಲಿ ನಿಲ್ಲುತ್ತಾರೆ. ಕ್ಯಾಮೆರಾ 8 ಮತ್ತು 10 ಅಂಗುಲ ಅಳತೆಯ ಫಿಲ್ಮ್ ಹಿಡಿಯುವ, ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ದೊಡ್ಡ ಪೆಟ್ಟಿಗೆ. ಚಿತ್ರಗಳೆಲ್ಲ ಕಪ್ಪು ಬಿಳುಪಿನವು. 2014ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆ 40 ವರ್ಷಗಳ 40 ಚಿತ್ರಗಳನ್ನು ಪ್ರದರ್ಶಿಸಿತು. ಒಂದೊಂದನ್ನೇ ನೋಡಿದರೆ ನಾಲ್ಕು ಜನ ಹೆಂಗಸರು ನಿಂತಿರುವ ಚಿತ್ರಗಳವು. ಸಾಲಾಗಿ ನೋಡಿದಾಗ ಒಬ್ಬರ ಕೂದಲು ನರೆಯುವುದು, ಒಬ್ಬರ ಕೈ ಇನ್ನೊಬ್ಬರ ಭುಜಕ್ಕೆ ಬರುವುದು, ವರ್ಷ ಕಳೆದಂತೆ ನಾಲ್ವರೂ ಒಬ್ಬರಿಗೊಬ್ಬರು ಹತ್ತಿರವಾಗುವುದು ಕಾಣತೊಡಗುತ್ತದೆ. ಅನುಕ್ರಮ ಬದಲಾಗುತ್ತಿದ್ದರೆ ಅದ್ಯಾವುದೂ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ನಿಮ್ಮ ಕಟ್ಟೆಯೂ ಅದನ್ನೇ ಮಾಡುತ್ತಿದೆ. ಹಿಂದಿನ ಬಾಗಿಲಿಗೆ ಬಣ್ಣ ಬದಲಾಗಿರಬಹುದು, ಪಕ್ಕದಲ್ಲಿ ಸೈಕಲ್ ನಿಲ್ಲುತ್ತಿದ್ದ ಜಾಗಕ್ಕೆ ಸ್ಕೂಟರ್ ಬಂದಿರಬಹುದು, ಕಂಬದ ನಡುಮಟ್ಟಕ್ಕೆ ಬರುತ್ತಿದ್ದ ಮೊಮ್ಮಗಳು ಈಗ ಬಾಗಿಲ ಚಿಲಕದ ಎತ್ತರಕ್ಕೆ ಬೆಳೆದಿರಬಹುದು. ಕಟ್ಟೆ ಅಲುಗದೆ ಇರುವುದರಿಂದಲೇ ಅವು ಅಳತೆಗೆ ಸಿಗುತ್ತವೆ. ಜೋಗದ ಎದುರು ನಿಂತರೆ ಜಲಪಾತ ದೊಡ್ಡದಾಗಿ ಮನುಷ್ಯರು ಚಿಕ್ಕವರಾಗುತ್ತಾರೆ. ಅಲ್ಲದೆ ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಅಲ್ಲಿ ನೀರಿನ ರಭಸವೂ ಇಳಿಯತೊಡಗಿರುತ್ತದೆ. ಮೊಮ್ಮಕ್ಕಳೊಂದಿಗೆ ಜೋಗಕ್ಕೆ ಖಂಡಿತ ಹೋಗಿ ಬನ್ನಿ, ಅಲ್ಲಿಯೂ ಚಿತ್ರ ತೆಗೆಯಿರಿ. ಆದರೆ ಹೊರಡುವ ಮೊದಲು ಎಲ್ಲರೂ ಐದು ನಿಮಿಷ ಕಟ್ಟೆಯ ಮೇಲೆ ಕುಳಿತು ಏಳಲಿ. ಹಳೆಯ ಚಿತ್ರಗಳನ್ನೆಲ್ಲ ಪಡಸಾಲೆಯಲ್ಲಿ ವರ್ಷದ ಪ್ರಕಾರ ಹರಡಿ, ಮೊದಲು ಮಕ್ಕಳಿಗೆ ಒಮ್ಮೆ ತೋರಿಸಿ. ಬಹುಶಃ ನಿಮ್ಮ ಹಟದ ಅಗತ್ಯವೇ ಬೀಳಲಾರದು.

ಪ್ರಶ್ನೆ: ನಮ್ಮ ತಂದೆಯವರು ಈ ವರ್ಷ ತೀರಿಕೊಂಡರು. ವರ್ಷ ತುಂಬದ ಕಾರಣ ಮನೆಯಲ್ಲಿ ಹಬ್ಬವಿಲ್ಲ. ಆದರೂ ಅಣ್ಣ, ತಮ್ಮ, ನಾನು ಎಲ್ಲರೂ ಮೈಸೂರಿನ ಮನೆಗೆ ಬರುತ್ತೇವೆ. ಅಮ್ಮ ಈ ವರ್ಷ ಫೋಟೋ ಬೇಡವೆನ್ನುತ್ತಾರೆ, ತೆಗೆದರೂ ತಾನು ನಿಲ್ಲುವುದಿಲ್ಲವೆನ್ನುತ್ತಾರೆ. ತಂದೆಯವರ ಚಿತ್ರವನ್ನು ಕಂಪ್ಯೂಟರಿನಲ್ಲಿ ನಡುವೆ ಸೇರಿಸಬಹುದೆಂದು ತಮ್ಮ ಹೇಳುತ್ತಾನೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ತಾಯಿಯವರ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ತೆಗೆದುಕೊಳ್ಳಬೇಕು. ‘ಈ ವರ್ಷ ಬೇಡ’ ಎಂಬುದು ದುಃಖದ ಮಾತು; ಅದಕ್ಕೆ ಮರ್ಯಾದೆ ಕೊಡಿ, ಹಬ್ಬದ ದಿನ ಕ್ಯಾಮೆರಾವನ್ನು ಹೊರಗೆ ತೆಗೆಯಬೇಡಿ. ‘ನಾನು ನಿಲ್ಲುವುದಿಲ್ಲ’ ಎಂಬುದರಲ್ಲಿ, ಗಂಡನನ್ನು ಕಳೆದುಕೊಂಡವರು ಶುಭದ ಸಂದರ್ಭಗಳಲ್ಲಿ ಹಿಂದೆ ಸರಿಯಬೇಕೆಂದು ನಮ್ಮ ಸಮಾಜ ಬಹುಕಾಲದಿಂದ ಕಲಿಸಿಕೊಂಡು ಬಂದ ಪಾಠವೂ ಸೇರಿರಬಹುದು. ಆ ಪಾಠವನ್ನು ಮಕ್ಕಳಾದ ನೀವು ಒಪ್ಪಿಕೊಳ್ಳಬೇಕಾಗಿಲ್ಲ. ವಾದ ಮಾಡಿ ಗೆಲ್ಲುವ ವಿಷಯವೂ ಇದಲ್ಲ. ವರ್ಷಾಂತಿಕಕ್ಕೆ ನೀವೆಲ್ಲರೂ ಹೇಗೂ ಮತ್ತೆ ಸೇರುತ್ತೀರಿ. ಆ ಕಾರ್ಯಗಳೆಲ್ಲ ಮುಗಿದ ಮರುದಿನ ಬೆಳಿಗ್ಗೆ, ಹಬ್ಬದ ಬಟ್ಟೆಯೂ ಅಲಂಕಾರವೂ ಇಲ್ಲದೆ, ದಿನಬಳಕೆಯ ಉಡುಪಿನಲ್ಲಿಯೇ, ಅವರು ಕಾಫಿ ಕುಡಿಯಲು ಕೂರುವ ಕುರ್ಚಿಯ ಸುತ್ತ ನೀವು ಹೋಗಿ ಕುಳಿತುಕೊಳ್ಳಿ. ಅವರನ್ನು ಕರೆತಂದು ನಿಲ್ಲಿಸುವುದಕ್ಕಿಂತ ಅವರಿದ್ದಲ್ಲಿಗೆ ನೀವು ಹೋಗುವುದು ಸುಲಭ, ಮತ್ತು ಆಗ ಅವರು ತಾವಾಗಿಯೇ ಚಿತ್ರದ ನಡುವೆ ಇರುತ್ತಾರೆ. ಆಗಲೂ ಒಲ್ಲೆನೆಂದರೆ ಆ ವರ್ಷವನ್ನು ಬಿಟ್ಟುಬಿಡಿ. ಸಾಲಿನಲ್ಲಿ ಒಂದು ವರ್ಷದ ಚಿತ್ರವಿಲ್ಲದಿದ್ದರೆ, ಅದು ಏಕಿಲ್ಲವೆಂಬುದನ್ನು ಮುಂದಿನವರು ಕೇಳಿ ತಿಳಿದುಕೊಳ್ಳುತ್ತಾರೆ.

ಕಂಪ್ಯೂಟರಿನಲ್ಲಿ ತಂದೆಯವರನ್ನು ಸೇರಿಸುವುದು ಬೇಡವೆಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ತಮ್ಮನವರ ಆಸೆ ಪ್ರೀತಿಯದೇ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇಂದು ಆ ಕೆಲಸ ಎಷ್ಟು ನಯವಾಗಿ ನಡೆಯುತ್ತದೆಂದರೆ, ಇನ್ನು ಮೂವತ್ತು ವರ್ಷಗಳ ನಂತರ ನೋಡುವ ಮಕ್ಕಳಿಗೆ ತಾತ ಆ ದಿನ ಅಲ್ಲಿದ್ದರೋ ಇಲ್ಲವೋ ಎಂಬುದೇ ತಿಳಿಯದೆ ಹೋಗುತ್ತದೆ. ಆ ಒಂದು ಅನುಮಾನ ಉಳಿದ ಚಿತ್ರಗಳ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ. ಅವರು ಇರುವ ಕೊನೆಯ ವರ್ಷದ ಚಿತ್ರವನ್ನು ಚೆನ್ನಾಗಿ ಮುದ್ರಿಸಿ ಅಮ್ಮನಿಗೆ ಕೊಡಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ, ತಂಗಿ ಮೆಲ್ಬರ್ನಿನಲ್ಲಿ, ಅಪ್ಪ ಅಮ್ಮ ಶಿವಮೊಗ್ಗದಲ್ಲಿ ಇದ್ದೇವೆ. ಎಲ್ಲರೂ ಒಟ್ಟಿಗೆ ಸೇರುವುದು ಹಲವು ವರ್ಷಗಳಿಗೊಮ್ಮೆ. ವಿಡಿಯೊ ಕರೆಯ ಸ್ಕ್ರೀನ್‌ಶಾಟ್ ಬಿಟ್ಟರೆ ಬೇರೆ ದಾರಿ ಇಲ್ಲವೇ?

ಉತ್ತರ: ಇದೆ, ಮತ್ತು ಅದಕ್ಕೆ ಒಳ್ಳೆಯ ಮಾದರಿಯೂ ಇದೆ. ಅರ್ಜೆಂಟೀನಾದ ಛಾಯಾಗ್ರಾಹಕ ಡಿಯೆಗೊ ಗೋಲ್ಡ್‌ಬರ್ಗ್ ಅವರ ಮನೆಯವರು 1976ರಿಂದ ಪ್ರತಿ ವರ್ಷ ಜೂನ್ 17ರಂದು ಒಬ್ಬೊಬ್ಬರೂ ಪ್ರತ್ಯೇಕವಾಗಿ, ಒಂದೇ ಬಗೆಯ ಚೌಕಟ್ಟಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತ ಬಂದಿದ್ದಾರೆ. ಆ ಮುಖಗಳನ್ನು ಅಕ್ಕಪಕ್ಕದಲ್ಲಿ ಜೋಡಿಸಿದಾಗ ಇಡೀ ಕುಟುಂಬದ ಚಿತ್ರವಾಗುತ್ತದೆ. ನೀವು ಮೂರು ಮನೆಯವರೂ ಒಂದು ದಿನವನ್ನು ಗೊತ್ತುಮಾಡಿಕೊಂಡು ಹಾಗೆಯೇ ಮಾಡಬಹುದು. ಬಣ್ಣವಿಲ್ಲದ ಬರಿಯ ಗೋಡೆ, ಒಂದು ಪಕ್ಕದಿಂದ ಕಿಟಕಿಯ ಬೆಳಕು, ಎದೆಯಿಂದ ಮೇಲಿನ ಭಾಗ, ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ. ಇವಿಷ್ಟೂ ಮೂರೂ ಕಡೆ ಒಂದೇ ಆಗಿರಲಿ. ದೀಪಾವಳಿ ನಿಮ್ಮಲ್ಲಿ ಕೆಲಸದ ದಿನ ಬಂದರೆ ಅದರ ನಂತರದ ಭಾನುವಾರವನ್ನು ಇಟ್ಟುಕೊಳ್ಳಿ. ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ ನ್ಯೂಜೆರ್ಸಿಯಲ್ಲಿ ಸಂಜೆ 5ಕ್ಕೆ ಮೊದಲೇ ಸೂರ್ಯ ಮುಳುಗುವುದರಿಂದ ನೀವು ಮಧ್ಯಾಹ್ನದೊಳಗೆ ತೆಗೆಯಬೇಕು. ಮೆಲ್ಬರ್ನಿನಲ್ಲಿ ಆಗ ಬೇಸಿಗೆ ಹತ್ತಿರವಾಗುತ್ತಿರುವುದರಿಂದ ತಂಗಿಗೆ ಸಂಜೆಯವರೆಗೂ ಬೆಳಕಿರುತ್ತದೆ. ಶಿವಮೊಗ್ಗದಲ್ಲಿ ತಂದೆ ತಾಯಿಯವರ ಚಿತ್ರವನ್ನು ನೆರೆಯವರೋ ಸಂಬಂಧಿಕರೋ ಮನೆಗೆ ಬಂದು ತೆಗೆಯುವಂತೆ ಏರ್ಪಾಡು ಮಾಡಿ. ಆ ನೆಪದಲ್ಲಿ ಯಾರಾದರೂ ಮನೆಗೆ ಬಂದು ಹೋಗುವುದೂ ಅವರಿಗೆ ಬೇಕಾದದ್ದೇ.

ಸ್ಕ್ರೀನ್‌ಶಾಟ್ ಆ ಕ್ಷಣದ ಸಂತೋಷಕ್ಕೆ ಸರಿ. ಅಂತರ್ಜಾಲದ ವೇಗಕ್ಕೆ ತಕ್ಕಂತೆ ಕುಗ್ಗಿಸಿದ ಚಿತ್ರವಾದ್ದರಿಂದ ದೊಡ್ಡದಾಗಿ ಮುದ್ರಿಸಿದರೆ ಮುಖಗಳು ಮಸುಕಾಗುತ್ತವೆ.

ಪ್ರಶ್ನೆ: ಫೋನ್ ಕೆಟ್ಟು ಎರಡು ವರ್ಷದ ಹಬ್ಬದ ಚಿತ್ರಗಳು ಹೋದವು. ಮುದ್ರಿಸಿಟ್ಟವು ಮಂಗಳೂರಿನ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತವೆ. ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಮೂರು ಪ್ರತಿಗಳಿರಲಿ: ಒಂದು ಫೋನಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಒಡಹುಟ್ಟಿದವರ ಬಳಿ. ವಾಟ್ಸ್‌ಆ್ಯಪಿನಲ್ಲಿ ಕಳುಹಿಸುವಾಗ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲದ ಅಳತೆಯಲ್ಲಿಯೇ ಹೋಗುತ್ತದೆ. ವರ್ಷಕ್ಕೆ ಒಂದನ್ನಾದರೂ 8 ಮತ್ತು 12 ಅಂಗುಲದ ಅಳತೆಯಲ್ಲಿ ಮುದ್ರಿಸಿ. ಅಂಗುಲಕ್ಕೆ 300 ಬಿಂದುಗಳಂತೆ ಲೆಕ್ಕ ಹಾಕಿದರೆ 2400 ಮತ್ತು 3600 ಬಿಂದುಗಳ ಚಿತ್ರ ಬೇಕಾಗುತ್ತದೆ. ಅಂದರೆ ಸುಮಾರು 8.6 ಮೆಗಾಪಿಕ್ಸೆಲ್. ಹೆಚ್ಚು ಕತ್ತರಿಸದಿದ್ದರೆ ಈಗಿನ ಫೋನುಗಳಿಗೆ ಇದು ಕಷ್ಟವಲ್ಲ.

ಬೂಸಲಿಗೆ ಕಾರಣ ತೇವ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಆಲ್ಬಮ್ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು, ಮಳೆಗಾಲ ಕಳೆದ ಮೇಲೆ ಒಣ ದಿನವೊಂದರಲ್ಲಿ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹರಡಿ. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಬಗೆಯ ಹಳೆಯ ಆಲ್ಬಮ್‌ಗಳಲ್ಲಿರುವ ಚಿತ್ರಗಳನ್ನು, ಅಂಟಿಕೊಂಡಿರದಿದ್ದರೆ ಈಗಲೇ ಬಿಡಿಸಿ ಬೇರೆಡೆಗೆ ವರ್ಗಾಯಿಸಿ. ಅಂಟಿಕೊಂಡಿದ್ದರೆ ಎಳೆಯಬೇಡಿ, ಹಾಳೆಯ ಸಮೇತ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಗೋಡೆಗೆ ತೂಗುಹಾಕುವ ಪ್ರತಿ ನೇರ ಬಿಸಿಲು ಬೀಳದ ಕಡೆ ಇರಲಿ, ಇಲ್ಲವಾದರೆ ಬಣ್ಣ ಮಾಸುತ್ತದೆ.

ಮುದ್ರಿಸಿದ ಪ್ರತಿಯ ಹಿಂಬದಿಯಲ್ಲಿ ವರ್ಷವನ್ನೂ, ಎಡದಿಂದ ಬಲಕ್ಕೆ ಎಲ್ಲರ ಹೆಸರನ್ನೂ ಮೆತ್ತಗಿನ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ. ನುಣುಪು ಕಾಗದದ ಮೇಲೆ ಪೆನ್ಸಿಲ್ ಹತ್ತದಿದ್ದರೆ ಬೇರೆ ಚೀಟಿಯಲ್ಲಿ ಬರೆದು ಚಿತ್ರದೊಂದಿಗೇ ಇಡಿ. ‘ಚಿಕ್ಕಪ್ಪ’, ‘ದೊಡ್ಡಮ್ಮ’ ಎಂದಷ್ಟೇ ಬರೆದರೆ ಮುಂದಿನ ತಲೆಮಾರಿಗೆ ಯಾರ ಚಿಕ್ಕಪ್ಪನೆಂಬುದು ತಿಳಿಯುವುದಿಲ್ಲವಾದ್ದರಿಂದ ಪೂರ್ಣ ಹೆಸರಿರಲಿ. ಮದುವೆಯಾಗಿ ಬಂದವರ ತವರೂರಿನ ಹೆಸರನ್ನೂ ಸೇರಿಸಿ. ಹಳೆಯ ಚಿತ್ರಗಳಲ್ಲಿ ಹೆಸರು ತಿಳಿಯದ ಮುಖಗಳಿದ್ದರೆ ಈ ದೀಪಾವಳಿಗೆ ಅವನ್ನು ಹೊರತೆಗೆದು, ಮನೆಯ ಅತ್ಯಂತ ಹಿರಿಯರ ಪಕ್ಕದಲ್ಲಿ ಕುಳಿತು, ಅವರು ಹೇಳಿದಂತೆ ಒಂದೊಂದನ್ನೇ ಬರೆದುಕೊಳ್ಳಿ.